ರೈಲಿನ ನೆತ್ತಿಯ ಮೇಲೆ ಮಂಜುಗಡ್ಡೆ

ಕೊಲಿಂಡೇಲ್: ಬೀದಿಗೆ ಚೆಲ್ಲಿದ ಉಪ್ಪು

ಲಂಡನ್ನಿನಲ್ಲಿ ನಾನು ಮೊದಲ ಸಲ ಬಿದ್ದದ್ದು ಉಪ್ಪಿನ ದೆಸೆಯಿಂದ. ಬಂದ ಮರುದಿನ ಬೆಳಿಗ್ಗೆ, ತಂಗಿಯ ಮನೆಯಿದ್ದ ಕೊಲಿಂಡೇಲಿನ ಅಂಗಡಿಯಿಂದ ಹಾಲು ತೆಗೆದುಕೊಂಡು ಬರುತ್ತಿದ್ದೆ. ಮೂರು ದಾರಿ ಕೂಡುವ ಕಡೆ ಯಾರೋ ಕಂದು ಬಣ್ಣದ ಹರಳುಪ್ಪು ಚೆಲ್ಲಿದ್ದರು. ಒಂದು ಹಿಡಿಯಲ್ಲ, ಮೂಟೆಗಟ್ಟಲೆ. ಇಷ್ಟು ದೊಡ್ಡ ದೃಷ್ಟಿ ಯಾರಿಗೆ ತಗುಲಿತಪ್ಪಾ ಎಂದು ನಿಂತುಬಿಟ್ಟೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ಮೂಢನಂಬಿಕೆ ಬಿಡಿ ಎಂದು ಮಕ್ಕಳಿಗೆ ವರ್ಷ ವರ್ಷವೂ ಹೇಳಿದವಳು. ಆದರೂ ಮನೆಯಲ್ಲಿ ಹಸಿ ಬಾಣಂತಿ, ಹಸುಗೂಸು ಇದ್ದಾಗ, ದೃಷ್ಟಿ ತೆಗೆದು ಎಸೆದ ಉಪ್ಪನ್ನು ತುಳಿದುಕೊಂಡು ಒಳಗೆ ಹೋಗುವ ಧೈರ್ಯ ಯಾರಿಗಿದೆ? ಉಪ್ಪನ್ನು ಬಿಟ್ಟು ಪಕ್ಕದಲ್ಲಿ ಹೊಳೆಯುತ್ತಿದ್ದ ಜಾಗಕ್ಕೆ ಕಾಲಿಟ್ಟೆ. ಅದು ಮಂಜುಗಡ್ಡೆ. ಹಾಲಿನ ಡಬ್ಬಿ ಒಂದು ಕಡೆ, ನಾನು ಒಂದು ಕಡೆ.

ಟೋಪಿ ಹಾಕಿಕೊಂಡ ಮುದುಕರೊಬ್ಬರು ಬಂದು ಎಬ್ಬಿಸಿದರು. ತಾವೇ ಬೀಳಿಸಿದವರ ಹಾಗೆ ಎರಡು ಸಲ ಸಾರಿ ಕೇಳಿ ಹೊರಟುಹೋದರು. ಇಲ್ಲಿನವರ ಪದ್ಧತಿಯೇ ಹಾಗೆ. ಬಸ್ಸಿನಲ್ಲಿ ನಾನು ಅವರ ಕಾಲು ತುಳಿದರೂ ಸಾರಿ ಕೇಳುವವರು ಅವರೇ. ನಮ್ಮಲ್ಲಾದರೆ ಬಿದ್ದವರ ಸುತ್ತ ಹತ್ತು ಜನ ಸೇರಿ, ಯಾವ ಊರು, ಯಾರ ಮನೆ, ಯಾಕೆ ಬಿದ್ದಿರಿ ಎಂದೆಲ್ಲ ವಿಚಾರಿಸಿ ಆಮೇಲೆ ಎಬ್ಬಿಸುತ್ತಾರೆ. ಆ ಹೊತ್ತಿಗೆ ನನಗೆ ಆ ವಿಚಾರಣೆಯೇ ಬೇಕಾಗಿತ್ತು ಅನ್ನಿಸಿತು.

ಮನೆಗೆ ಬಂದು ಹೇಳಿದಾಗ ತಂಗಿ ಗೀತಾ ಹೊಟ್ಟೆ ಹಿಡಿದುಕೊಂಡಳು. "ನಗಿಸಬೇಡ ಅಕ್ಕ, ಹೊಲಿಗೆ ಎಳೆಯುತ್ತೆ. ಅದು ಇಲ್ಲಿನ ಮುನಿಸಿಪಾಲ್ಟಿ, ಕೌನ್ಸಿಲ್‌ನೋರು ಹಾಕಿರೋದು. ಉಪ್ಪು ಹಾಕಿದ್ರೆ ಐಸ್ ಹಿಡಿಯಲ್ಲ."

ಗೀತಾ ನರ್ಸ್. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆಯ ನರ್ಸುಗಳನ್ನು ಇಲ್ಲಿನ ಆಸ್ಪತ್ರೆಗಳು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಬಂದವಳು. ಹಿಂದೆಯೇ ಗಂಡ ಸದಾಶಿವನೂ ಬಂದ. ಚೊಚ್ಚಲ ಹೆರಿಗೆ, ನಮಗೆ ಅಮ್ಮ ಇಲ್ಲ. ತವರಿಗೆ ಬಾಣಂತಿ ಬರುವುದರ ಬದಲು ತವರೇ ವಿಮಾನ ಹತ್ತಿ ಬಾಣಂತಿಯ ಹತ್ತಿರ ಬಂದಿತ್ತು. ನನ್ನ ಪೆಟ್ಟಿಗೆಯಲ್ಲಿ ಸ್ವೆಟರಿಗಿಂತ ಹೆಚ್ಚಾಗಿ ಶುಂಠಿ, ಅಂಟು, ಹಿಪ್ಪಲಿ ಮತ್ತು ಹರಳೆಣ್ಣೆ ಇದ್ದವು. ಲಂಡನ್ ನೋಡಲು ಹೋದವರು ಅರಮನೆ, ಸೇತುವೆ, ಗಡಿಯಾರದ ಗೋಪುರ ಎಂದು ಬರೆಯುತ್ತಾರೆ. ನಾನು ಹೆಚ್ಚಾಗಿ ನೋಡಿದ್ದು ಒಂದು ಬಚ್ಚಲು ಮತ್ತು ಒಂದು ಕಿಟಕಿ.

ಆ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರಿನ ಫ್ಲ್ಯಾಟಿನ ಕಿಟಕಿಗಳು. ಬೆಳಗಾಗುವುದೇ ತಡವಾಗಿ, ಮಧ್ಯಾಹ್ನ ಮುಗಿಯುವ ಮೊದಲೇ ಕತ್ತಲೆ. ಸೂರ್ಯ ಒಲ್ಲದ ಮನಸ್ಸಿನಿಂದ ಸಹಿ ಹಾಕಲು ಬಂದ ಮೇಷ್ಟರ ಹಾಗೆ ಮುಖ ತೋರಿಸಿ ಹೋಗುತ್ತಿದ್ದ. ಮಗುವಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಹಿಡಿಯೋಣವೆಂದರೆ ಬಿಸಿಲೆಲ್ಲಿದೆ? ತೂಕ ನೋಡಲು ಬಂದ ದಾದಿ ನಮ್ಮ ಕೋಣೆಯ ಸೆಖೆಗೆ ಕೋಟು ಬಿಚ್ಚಿ, ಮಗುವಿಗೆ ಇಷ್ಟು ಶಾಖ ಬೇಡ ಎಂದು ಮೆತ್ತಗೆ ಹೇಳಿ ಕಿಟಕಿ ತೆರೆದಳು. ಅವಳು ಮೆಟ್ಟಿಲಿಳಿಯುತ್ತಲೇ ನಾನು ಮುಚ್ಚಿದೆ. ಮುಂದಿನ ವಾರವೂ ಅವಳು ತೆರೆದಳು, ನಾನು ಮುಚ್ಚಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು, ಇಬ್ಬರೂ ಸೋಲುತ್ತಿರಲಿಲ್ಲ.

ಕ್ರೋಯ್ಡನ್: ತಂತಿ ಇಲ್ಲದ ದಾರಿ

ಕ್ರೋಯ್ಡನ್ನಿನಲ್ಲಿದ್ದ ಬೆಂಗಳೂರಿನವರೊಬ್ಬರು ತಮ್ಮ ಮಗು ಬೆಳೆದಿದೆ, ತೊಟ್ಟಿಲು ತೆಗೆದುಕೊಂಡು ಹೋಗಿ ಎಂದಿದ್ದರು. ಒಂದು ಶನಿವಾರ ಸದಾಶಿವ ನನ್ನನ್ನು ಕರೆದುಕೊಂಡು ಹೊರಟ. ಮೊದಲು ನೆಲದೊಳಗಿನ ಟ್ಯೂಬ್, ಆಮೇಲೆ ಲಂಡನ್ ಬ್ರಿಡ್ಜಿನಿಂದ ರೈಲು. ಆ ರೈಲಿನ ತಲೆಯ ಮೇಲೆ ಏನೂ ಇರಲಿಲ್ಲ. ಕಂಬವಿಲ್ಲ, ತಂತಿಯಿಲ್ಲ, ಬರಿಯ ಬೂದು ಆಕಾಶ. ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿದೆ.

"ಈ ಕಡೆ ಕೆಳಗೇ ಇನ್ನೊಂದು ಕಂಬಿ ಇದೆ ಅಕ್ಕ, ಅದರಿಂದ ತಗೊಳ್ಳುತ್ತೆ. ನಾನು ಕೆಲಸ ಮಾಡೋ ರೈಲು ಡಿಪೋ ಕಡೆ ಮಾತ್ರ ಮೇಲೆ ತಂತಿ" ಎಂದ. ಸ್ವಲ್ಪ ಹೊತ್ತಾದ ಮೇಲೆ, "ಅದಕ್ಕೇ ಈ ದಾರೀಲಿ ಕರಕೊಂಡು ಬಂದೆ" ಎಂದೂ ಸೇರಿಸಿದ.

ನನಗೆ ಅರ್ಥವಾಯಿತು. ಓದುವವರಿಗೂ ಆಗಬೇಕಾದರೆ ನಮ್ಮವರ, ಅಂದರೆ ನನ್ನ ಗಂಡನ, ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮವರು ಹಳೆಯ ಎಲೆಕ್ಟ್ರಿಕ್ ಎಂಜಿನ್ನುಗಳನ್ನು ರಿಪೇರಿ ಮಾಡಿಕೊಡುವ ಒಂದು ಖಾಸಗಿ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದರು. ಸದಾಶಿವ ಅವರ ಕೈಕೆಳಗೆ ಕೆಲಸ ಕಲಿತವನು. ಮದುವೆಗೆ ಮೊದಲು ನಮ್ಮ ಮನೆಯಲ್ಲೇ ಊಟ. ಅದರಿಂದಲೇ ನನ್ನ ಬಾಯಲ್ಲಿ ಅವನು ಇಂದಿಗೂ 'ನೀನು'. ಒಳ್ಳೆಯ ಹುಡುಗ ಎಂದು ನಮ್ಮವರೇ ಗೀತಾಳಿಗೆ ತಂದರು. ಆ ಮದುವೆಯ ಮರುವರ್ಷ ಶೆಡ್ಡಿನಲ್ಲಿ ಒಂದು ಎಂಜಿನ್ನಿನ ಒಳಗೆ, ಕರೆಂಟಿನ ಪೆಟ್ಟಿಗೆಗಳಿರುವ ಜಾಗಕ್ಕೆ ಕೈಹಾಕಿದಾಗ ನಮ್ಮವರು ಹೋಗಿಬಿಟ್ಟರು.

ಎಂಜಿನ್ನಿನ ನೆತ್ತಿಯ ಮೇಲೆ ಮಡಚಿಕೊಳ್ಳುವ ಕಬ್ಬಿಣದ ಕೈ ಇರುತ್ತದೆ. ಅದನ್ನು ಪ್ಯಾಂಟೊಗ್ರಾಫ್ ಎನ್ನುತ್ತಾರೆ, ಶೆಡ್ಡಿನವರ ಬಾಯಲ್ಲಿ ಪ್ಯಾಂಟೊ. ಅದು ಎದ್ದು ಮೇಲಿನ ತಂತಿಯನ್ನು ಮುಟ್ಟಿದರೆ ಎಂಜಿನ್ನಿಗೆ ಜೀವ, ಮಡಚಿ ಮಲಗಿದರೆ ಎಂಜಿನ್ ಸತ್ತಂತೆ. ಒಳಗೆ ಹೋಗುವ ಮೊದಲು ಪ್ಯಾಂಟೊ ಇಳಿದಿರಬೇಕು. ಆವತ್ತು ಇಳಿದಿದೆ ಎಂದುಕೊಂಡು ಅವರು ಒಳಗೆ ಹೋದರು. ಇಳಿದಿರಲಿಲ್ಲ. ವಿಚಾರಣೆ ನಡೆಸಿದವರು, ಮೃತರ ಸ್ವಂತ ಅಜಾಗರೂಕತೆ ಎಂದರು.

ಕ್ರೋಯ್ಡನ್ನಿನಲ್ಲಿ ಇಳಿದು ರಸ್ತೆಗೆ ಬಂದರೆ ಎದುರಿಗೇ ಒಂದು ಟ್ರ್ಯಾಮ್ ನಿಂತಿತ್ತು, ತಲೆಯ ಮೇಲೆ ಸಣ್ಣದೊಂದು ಪ್ಯಾಂಟೊ ಎತ್ತಿಕೊಂಡು. ಸದಾಶಿವನ ಮುಖ ಕಪ್ಪಿಟ್ಟಿತು. ಇಷ್ಟೆಲ್ಲ ಸುತ್ತಿಸಿ ಕರೆತಂದವನಿಗೆ ಟ್ರ್ಯಾಮ್ ಮರೆತುಹೋಗಿತ್ತು. ನಾನೇ ಅವನ ತೋಳು ಹಿಡಿದು, "ಇದು ಮರಿ ಕಣೋ, ಏನೂ ಮಾಡಲ್ಲ, ಬಾ" ಎಂದೆ. ನಗುವ ಪ್ರಯತ್ನ ಮಾಡಿದೆವು. ತೊಟ್ಟಿಲಿನ ಒಂದೊಂದು ಭಾಗವನ್ನು ಒಬ್ಬೊಬ್ಬರು ಹಿಡಿದುಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದೆವು.

ಆವತ್ತು ದಾರಿಯಲ್ಲಿ ಅವನು ತನ್ನ ಕೆಲಸದ ಬಗ್ಗೆ ಹೇಳಿದ. ಬೇಸಗೆಯಲ್ಲಿ ಡಿಪೋಗೆ ಸೇರಿದ್ದ, ಇನ್ನೂ ಕಾಯಂ ಆಗಿರಲಿಲ್ಲ. ಗೀತಾ ರಜೆಯಲ್ಲಿದ್ದುದರಿಂದ ಆ ಚಳಿಗಾಲ ಮನೆ ನಡೆಯಬೇಕಾದದ್ದು ಅವನ ಕೆಲಸದಿಂದ. ಸಂಜೆ ಸಾಲಾಗಿ ಬಂದು ನಿಲ್ಲುವ ರೈಲುಗಳನ್ನು ಒಂದೊಂದಾಗಿ ನೋಡಿ, ಎಲ್ಲ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು ಅವನ ಪಾಲಿನ ಕೆಲಸ. "ಇಲ್ಲಿ ಒಂದು ಬೇರೆ ಥರ ಅಕ್ಕ. ಮಂಜು ಬೀಳೋ ದಿನ ಪ್ಯಾಂಟೊ ಇಳಿಸೋ ಹಾಗಿಲ್ಲ. ಎತ್ತಿಯೇ ಬಿಟ್ಟು ಬರಬೇಕು. ಕರೆಂಟ್ ಇದ್ರೆ ಗಾಡಿ ಬೆಚ್ಚಗಿರುತ್ತೆ. ಇಳಿಸಿದ್ರೆ ನೀರು ಕೀಲಿಗೆಲ್ಲ ಇಳಿದು ಗಟ್ಟಿಯಾಗುತ್ತೆ, ಬೆಳಿಗ್ಗೆ ಏಳಲ್ಲ" ಎಂದ.

"ಬಿಟ್ಟು ಬಾ. ಅದರಲ್ಲೇನಿದೆ" ಎಂದೆ.

ಅವನು ಮಡಿಲಲ್ಲಿದ್ದ ತೊಟ್ಟಿಲಿನ ತುಂಡನ್ನು ಸರಿಮಾಡಿಕೊಂಡ. ಕಿಟಕಿಯ ಹೊರಗೆ ನೋಡುತ್ತ ಕುಳಿತ.

ಕೆಳಗಿನ ಮನೆ: ಶಾರದಕ್ಕನ ಬೈಗುಳ

ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಕುಂದಾಪುರದ ಶಾರದಕ್ಕ ಇದ್ದರು. ಗಂಡ ಪೇಟೆಯ ನಡುವಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ಶಾರದಕ್ಕ ದಿನಾ ಬಾಣಂತಿಗೆಂದು ಏನಾದರೊಂದು ಕಷಾಯ ತಂದು, ಗೀತಾ ಅದನ್ನು ಕುಡಿದು ಮುಗಿಸುವವರೆಗೆ ಕಾವಲು ನಿಲ್ಲುತ್ತಿದ್ದರು. ಮಕ್ಕಳು ಕನ್ನಡದಲ್ಲಿ ಮಾತಾಡುವುದಿಲ್ಲ ಎಂಬ ಸಂಕಟವನ್ನು ನನ್ನ ಮೇಲೆ ಮಾತಾಡಿ ತೀರಿಸಿಕೊಳ್ಳುತ್ತಿದ್ದರು.

ಒಂದು ದಿನ ಮಧ್ಯಾಹ್ನದಿಂದಲೇ ಸಣ್ಣ ಮಳೆ. ಸಂಜೆಯ ಹೊತ್ತಿಗೆ ಚಳಿ ಏರಿ, ಬಿದ್ದ ಹನಿ ಬಿದ್ದಲ್ಲೇ ಗಾಜಾಗುತ್ತಿತ್ತು. ಮರುದಿನ ಎದ್ದು ನೋಡಿದರೆ ಬೇಲಿಯ ಕಡ್ಡಿ ಕಡ್ಡಿಗೂ ಗಾಜಿನ ಅಂಗಿ ತೊಡಿಸಿದಂತಿತ್ತು. ಚೆಲುವೇನೋ ಹೌದು, ನೋಡಿದರೆ ಎದೆಗೆ ಥಂಡಿ ಹಿಡಿಯುವ ಚೆಲುವು.

ಬೆಳಿಗ್ಗೆ ಕಷಾಯ ಹಿಡಿದುಕೊಂಡು ಬಂದ ಶಾರದಕ್ಕ ಕೆಂಡವಾಗಿದ್ದರು. "ಹ್ವಾಯ್ ಟೀಚರ್ರೇ, ನಮ್ಮನಿಯೋರ್ ಕೆಲ್ಸಕ್ಕ್ ಹೋದೋರ್ ತಿರ್ಗಿ ಬಂದ್ರ್. ಮಂಜ್ ಹಿಡ್ದ್ ರೈಲೇ ಹೊರ್ಡ್ಲಿಲ್ಲಂಬ್ರ್. ಅಲ್ಲ, ಮಂಜ್ ಬೀಳ್ತ್ ಅಂದೇಳಿ ಗೊತ್ತಿಲ್ಯಾ ಇವ್ರಿಗೆ? ಯಾರ್ ಕಾಣ್ಕಿತ್ತೋ, ಅವ್ನ್ ಕೈಗ್ ಬರೆ ಹಾಕ್ಕ್."

ರೈಲು ನೋಡಿಕೊಳ್ಳಬೇಕಾದವನ ಕೈಗೆ ಬರೆ ಹಾಕಬೇಕು ಎಂಬ ಮಾತಿಗೆ ಗೀತಾ ನಕ್ಕಳು. ನಾನೂ ನಕ್ಕೆ. ಆಗ ಬಾಗಿಲು ತೆರೆದುಕೊಂಡು ಸದಾಶಿವ ಒಳಗೆ ಬಂದ. ಬೆಳಕು ಹರಿಯುವ ಮೊದಲೇ ಡಿಪೋದಿಂದ ಫೋನು ಬಂದು ಹೋಗಿದ್ದವನು ಅಷ್ಟು ಬೇಗ ಬರುವ ಹೊತ್ತಲ್ಲ ಅದು. ಬೂಟು ಕಳಚದೆ ಕುರ್ಚಿಯಲ್ಲಿ ಕುಳಿತ. ಶಾರದಕ್ಕನಿಗೆ ಏನೋ ಹೊಳೆದಿರಬೇಕು, ಲೋಟ ಅಲ್ಲೇ ಬಿಟ್ಟು ಇಳಿದು ಹೋದರು.

"ನಾನೇ ಇಳಿಸಿದ್ದು" ಎಂದ. "ಸಾಲಿನಲ್ಲಿ ನನ್ನ ಪಾಲಿಗೆ ಬಂದ ಎಲ್ಲಾ ಗಾಡೀದೂ."

ಗೀತಾ ಮಗುವನ್ನು ತೊಡೆಯಿಂದ ಎತ್ತಿ ಎದೆಗೆ ಒತ್ತಿಕೊಂಡಳು. "ಇಳಿಸಬಾರದು ಅಂತ ನಿಮಗೆ ಗೊತ್ತಿತ್ತಲ್ರೀ?"

"ಗೊತ್ತಿತ್ತು."

ರೈಲುಗಳ ನೆತ್ತಿಯ ಮೇಲೆ ಮಡಚಿ ಮಲಗಿದ್ದ ಪ್ಯಾಂಟೊಗಳು ಬೆಳಗಾಗುವುದರೊಳಗೆ ಮಂಜುಗಡ್ಡೆಯಲ್ಲಿ ಹೂತುಹೋಗಿದ್ದವು. ಕೆಲವು ಮಿಸುಕಲೇ ಇಲ್ಲ. ಒಂದು ಅರ್ಧ ಎದ್ದು, ಮಂಜಿನ ಭಾರಕ್ಕೆ ಸೊಟ್ಟಗಾಗಿ, ಮೇಲಿನ ತಂತಿಗೆ ಸಿಕ್ಕಿಕೊಂಡು ಮುರಿಯಿತು. ಜೊತೆಗೆ ತಂತಿಯೂ ಜೋತುಬಿತ್ತು. ಬೆಳಗಿನ ಗಾಡಿಗಳೆಲ್ಲ ನಿಂತವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮೇಲಿನವರು ಅವನನ್ನು ಕೆಲಸಕ್ಕೆ ಬರಬೇಡ ಎಂದು ಕಳುಹಿಸಿ, ಆ ವಾರವೇ ಒಂದು ದಿನ ಬಂದು ಉತ್ತರ ಕೊಡಬೇಕು ಎಂದಿದ್ದರು. ಉತ್ತರ ಒಪ್ಪಿಗೆಯಾಗದಿದ್ದರೆ ಕೆಲಸ ಇಲ್ಲ.

ಅಡುಗೆಮನೆ

ಆಮೇಲಿನ ಒಂದೆರಡು ದಿನ ಮನೆಯಲ್ಲಿ ಪಾತ್ರೆಯ ಸದ್ದೇ ಹೆಚ್ಚು. ಸದಾಶಿವ ಪಾತ್ರೆ ತೊಳೆದ, ಬಟ್ಟೆ ಒಣಗಿಸಿದ, ಮಗುವನ್ನು ತೂಗಿದ. ಕೆಲಸದ ಮಾತು ಎತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದ. ಗೀತಾ ನನ್ನ ಹತ್ತಿರ ಅತ್ತಳು. ರಜೆ ಮೊಟಕುಮಾಡಿ ಆಸ್ಪತ್ರೆಗೆ ಮರಳುತ್ತೇನೆ ಎಂದಳು. ಹೊಲಿಗೆ ಆರದವಳು, ಕೂಸಿನ ಕತ್ತು ಇನ್ನೂ ನಿಂತಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೊತ್ತಿದ್ದೂ ಗೊತ್ತಿದ್ದೂ ಮಾಡಿದನಲ್ಲ ಇವನು.

ಒಂದು ಮಧ್ಯಾಹ್ನ ಅವನನ್ನು ಅಡುಗೆಮನೆಯಲ್ಲಿ ಹಿಡಿದೆ. "ಸದಾಶಿವ, ನನಗೆ ನಿಜ ಹೇಳು. ಯಾಕೆ ಇಳಿಸಿದೆ?"

ಬಾಣಲೆ ಉಜ್ಜುತ್ತಲೇ ಇದ್ದ. "ನಾನು ಇಳಿಸಲಿಲ್ಲ ಅಕ್ಕ, ಕೈ ಇಳಿಸಿತು. ಒಂದು ಗಾಡೀದು ಎತ್ತಿಯೇ ಬಿಟ್ಟು ಕೆಳಗೆ ಇಳಿದೆ. ಹತ್ತು ಹೆಜ್ಜೆ ಹೋಗೋದರೊಳಗೆ ಕಾಲು ನಿಂತುಬಿಡ್ತು. ಒಳಗೆ ಕ್ಲೀನರ್‌ಗಳು ಇರ್ತಾರೆ. ಯಾರಾದ್ರೂ ಕರೆಂಟಿನ ಪೆಟ್ಟಿಗೆ ತೆಗೆದ್ರೆ ಅಂತ. ವಾಪಸ್ ಹೋಗಿ ಇಳಿಸಿದೆ. ಒಂದನ್ನ ಇಳಿಸಿದ ಮೇಲೆ ಉಳಿದದ್ದನ್ನ ಹೇಗೆ ಬಿಡೋದು?"

"ಇದನ್ನೇ ಅಲ್ಲಿ ಹೇಳು."

"ಏನಂತ ಹೇಳಲಿ? ಅಣ್ಣನ್ನ ಆ ಎಂಜಿನ್ನಿಂದ ಹೊರಗೆ ಎತ್ತಿಕೊಂಡು ಬಂದವನು ನಾನು ಅಂತ ಹೇಳಲಾ? ಅವರ ಹೆಸರು ಹೇಳಿ ಕೆಲಸ ಉಳಿಸಿಕೊಳ್ಳೋದು ಬೇಡ ಅಕ್ಕ."

ನಮ್ಮವರನ್ನು ಅವನು ಅಣ್ಣ ಎಂದೇ ಕರೆಯುತ್ತಿದ್ದ. ಎತ್ತಿಕೊಂಡು ಬಂದವನು ಅವನು ಎಂಬುದು ನನಗೆ ಗೊತ್ತಿದ್ದ ಸಂಗತಿಯೇ, ಆದರೆ ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಬಾಣಲೆ ಎಂದೋ ಬೆಳ್ಳಗಾಗಿತ್ತು, ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನೀನು ಹೇಳದಿದ್ದರೆ ನಾನು ಬಂದು ಹೇಳುತ್ತೇನೆ. ನನ್ನ ಗಂಡ. ಹೆಸರು ಹೇಳುವ ಹಕ್ಕು ನನ್ನದು" ಎಂದೆ.

"ಅಲ್ಲಿಗೆ ನೀವು ಬರೋದು ಬೇಡ ಅಕ್ಕ." ಅಷ್ಟು ಗಟ್ಟಿಯಾಗಿ ಅವನು ನನ್ನೊಡನೆ ಎಂದೂ ಮಾತಾಡಿದ್ದಿಲ್ಲ. "ಕೆಲಸ ಹೋದ್ರೂ ಪರವಾಗಿಲ್ಲ. ನೀವು ಮಾತ್ರ ಡಿಪೋಗೆ ಬರಬೇಡಿ."

ತಂತಿ, ಪ್ಯಾಂಟೊ ನೋಡಿದರೆ ನನಗೆ ಸಂಕಟವಾಗುತ್ತದೆ ಎಂದು ಹೇಳುತ್ತಿದ್ದಾನೆ ಎಂದುಕೊಂಡೆ. ಸಂಕಟಕ್ಕೆ ಹೆದರಿದರೆ ತಂಗಿಯ ಸಂಸಾರ ಏನಾಗಬೇಕು? ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನವರನ್ನು ದಾರಿಗೆ ತಂದವಳು ನಾನು. ಹಟ ಹಿಡಿದೆ.

ಡಿಪೋ

ಬಸ್ಸಿನಲ್ಲಿ ಅವನು ನನ್ನ ಪಕ್ಕ ಕುಳಿತರೂ ದೂರವಿದ್ದ. ಮೇಲಂತಸ್ತಿನ ಮುಂದಿನ ಸೀಟು. ಬೇರೆ ದಿನವಾದರೆ ಊರು ನೋಡುತ್ತ ಹೋಗುತ್ತಿದ್ದೆ. ಮರಗಳಲ್ಲಿ ಒಂದೆಲೆ ಇರಲಿಲ್ಲ, ಅಂಗಡಿಗಳಲ್ಲಿ ಹಗಲಲ್ಲೇ ದೀಪ.

ಡಿಪೋದ ಗ್ರಹಾಂ ಎಂಬವರು ಸದಾಶಿವನ ಮೇಲಿನವರು. ದೊಡ್ಡ ಮೈ, ಕೆಂಪು ಮುಖ, ಕಿವಿಯ ಮೇಲೆ ಪೆನ್ಸಿಲ್. ಹೆಂಡತಿಯ ಅಕ್ಕ ಬಂದಿದ್ದಾಳೆ ಎಂದಾಗ ಹುಬ್ಬೇರಿಸಿದರು, ಆದರೆ ಒಳಗೆ ಕೂರಿಸಿದರು. ಮೊದಲು ಚಹಾ. ಈ ಜನಕ್ಕೆ ಕೆಲಸದಿಂದ ತೆಗೆಯುವುದಿದ್ದರೂ ಮೊದಲು ಚಹಾ ಆಗಬೇಕು. ಮಗು ಹೇಗಿದೆ, ಹವೆ ಹೇಗಿದೆ ಎಂದು ವಿಚಾರಿಸಿದರು. ಹವೆ ಚೆನ್ನಾಗಿಲ್ಲ ಎಂಬ ವಿಷಯದಲ್ಲಿ ಮೂವರಿಗೂ ಒಮ್ಮತವಾಯಿತು.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಎತ್ತಿ ಬಿಡಬೇಕೆಂದು ಗೊತ್ತಿದ್ದೂ ಯಾಕೆ ಇಳಿಸಿದೆ? ಸದಾಶಿವ ನೆಲ ನೋಡುತ್ತ, "ತಪ್ಪಾಯಿತು" ಎಂದ. ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಗ್ರಹಾಂ ಪೆನ್ಸಿಲನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು. ಮಾತು ಮುಗಿಯಿತೆಂಬ ಹಾಗೆ.

ನಾನು ಮಾತಾಡಿದೆ. ನನ್ನ ಇಂಗ್ಲಿಷು ಪಾಠದ ಇಂಗ್ಲಿಷು. ವ್ಯಾಕರಣ ತಪ್ಪಲಿಲ್ಲ, ದನಿ ತಪ್ಪಿತು. ನನ್ನ ಗಂಡ ಹೇಗೆ ಸತ್ತರು, ಯಾರು ಹೊರಗೆ ಎತ್ತಿ ತಂದರು, ಅಂದಿನಿಂದ ಈ ಮನುಷ್ಯನ ಕೈಗೆ ಪ್ಯಾಂಟೊ ಎತ್ತಿಯೇ ಬಿಡಲು ಯಾಕೆ ಆಗುವುದಿಲ್ಲ ಎಂದು ಹೇಳಿದೆ. ನಮ್ಮವರು ಸ್ವಲ್ಪ ಆತುರದವರು ಎಂದೂ ಹೇಳಿದೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಸ್ಸಿಗೆ ಓಡುವವರು, ಊಟದ ಡಬ್ಬಿ ವಾರದಲ್ಲಿ ಎರಡು ದಿನ ಮನೆಯಲ್ಲೇ ಬಿಡುವವರು. ಅದನ್ನು ಯಾಕೆ ಹೇಳಿದೆನೋ ತಿಳಿಯದು. ಬಹುಶಃ ವಿಚಾರಣೆಯವರ ಮಾತನ್ನು ನಾನೂ ಒಳಗೊಳಗೇ ಒಪ್ಪಿಕೊಂಡಿದ್ದೆ.

ಗ್ರಹಾಂ ಪೆನ್ಸಿಲನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಆಮೇಲೆ ಎದ್ದು, "ಬನ್ನಿ, ನಿಮಗೆ ಒಂದು ತೋರಿಸಬೇಕು. ಇಲ್ಲಿ ಹಾಗಾಗುವುದಿಲ್ಲ ಎಂದು ಗೊತ್ತಾದರೆ ಇವನ ಬಗ್ಗೆ ನಿಮಗೆ ಭಯ ಇರುವುದಿಲ್ಲ" ಎಂದರು.

"ಅಕ್ಕ, ಬೇಡ" ಎಂದ ಸದಾಶಿವ ಕನ್ನಡದಲ್ಲಿ. "ದಯವಿಟ್ಟು ಬೇಡ. ಮನೆಗೆ ಹೋಗೋಣ."

ನಾನು ಆಗಲೇ ಎದ್ದಿದ್ದೆ.

ಒಳಗೆ ದೊಡ್ಡ ಮಾಡಿನ ಕೆಳಗೆ ರೈಲುಗಳು ನಿಂತಿದ್ದವು. ಒಂದರ ಮೇಲೆ ಮುರಿದ ಪ್ಯಾಂಟೊವನ್ನು ಬಿಚ್ಚುತ್ತಿದ್ದರು, ರೆಕ್ಕೆ ಮುರಿದ ಹಕ್ಕಿಯ ಹಾಗಿತ್ತು. ಇನ್ನೊಂದು ಕಡೆ ಒಬ್ಬ ಕುಂಚ ಹಿಡಿದು ಪ್ಯಾಂಟೊದ ಕೀಲುಗಳಿಗೆ ಮಂಜು ಹಿಡಿಯದ ಹಾಗೆ ಒಂದು ದ್ರವ ಬಳಿಯುತ್ತಿದ್ದ. ನನಗೆ ಅಂಜಿದಷ್ಟು ಸಂಕಟವಾಗಲಿಲ್ಲ. ಕಬ್ಬಿಣ, ಅಷ್ಟೇ.

ಗ್ರಹಾಂ ನಮ್ಮನ್ನು ಒಂದು ಹಲಗೆಯ ಮುಂದೆ ನಿಲ್ಲಿಸಿದರು. ಹಲಗೆಯ ತುಂಬ ಕೊಕ್ಕೆಗಳು, ಕೊಕ್ಕೆಗಳಲ್ಲಿ ಕೆಂಪು ಬೀಗಗಳು. ಪೆಟ್ಟಿಗೆಗೆ ಹಾಕುತ್ತೇವಲ್ಲ, ಅಂಥವೇ ಸಣ್ಣ ಬೀಗ. ಒಂದೊಂದರಲ್ಲೂ ಒಬ್ಬೊಬ್ಬ ಕೆಲಸಗಾರನ ಹೆಸರು, ಸಣ್ಣ ಫೋಟೊ. ರೈಲಿನ ಮಾಡು ಹತ್ತುವವನಾಗಲಿ, ಕರೆಂಟಿನ ಪೆಟ್ಟಿಗೆಗೆ ಕೈಹಾಕುವವನಾಗಲಿ, ಮೊದಲು ಕರೆಂಟು ತೆಗೆದು, ಆ ಸ್ವಿಚ್ಚಿಗೆ ತನ್ನ ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ನಾಲ್ಕು ಜನ ಹೋದರೆ ನಾಲ್ಕು ಬೀಗ. ಹೋದವನು ಬಂದು ತನ್ನ ಕೈಯಾರೆ ತೆಗೆಯುವವರೆಗೆ ಯಾರೂ ಕರೆಂಟು ಹಾಕಲಾರರು. ಕರೆಂಟು ಇರುವ ಪೆಟ್ಟಿಗೆಯಂತೂ ತೆರೆದುಕೊಳ್ಳುವುದೇ ಇಲ್ಲ.

ಸದಾಶಿವನ ಬೀಗವೂ ಅಲ್ಲಿತ್ತು. ಫೋಟೊದಲ್ಲಿ ಹೊಸದಾಗಿ ಕ್ಷೌರ ಮಾಡಿಸಿಕೊಂಡು ಗಂಭೀರವಾಗಿ ನಿಂತಿದ್ದ. ಗ್ರಹಾಂ ಅದನ್ನು ಕೊಕ್ಕೆಯಿಂದ ತೆಗೆದು ನನ್ನ ಕೈಗಿಟ್ಟರು. ನನ್ನನ್ನು ಸಮಾಧಾನ ಮಾಡುವ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಇದೊಂದಿದ್ದರೆ ಸಾಕು ಮೇಡಂ. ಎಂಥ ಆತುರದವನೂ ಸಂಜೆ ಮನೆಗೆ ಹೋಗಿ ಚಹಾ ಕುಡಿಯುತ್ತಾನೆ."

ಬೀಗ ತಣ್ಣಗಿತ್ತು. ನಮ್ಮ ಶೆಡ್ಡಿನಲ್ಲಿ ಬಾಯಿಮಾತೇ ಬೀಗವಾಗಿತ್ತು. 'ಇಳಿಸಾಗಿದೆ' ಎಂದು ಯಾರೋ ಕೂಗಬೇಕು, ಒಳಗೆ ಹೋಗುವವನು ನಂಬಬೇಕು. ಇಂಥ ಬೀಗ ಸಂತೆಯಲ್ಲಿ ಸಿಗುತ್ತದೆ. ನಮ್ಮ ಶಾಲೆಯ ಸೀಮೆಸುಣ್ಣದ ಕಪಾಟಿಗೆ ಇದಕ್ಕಿಂತ ದೊಡ್ಡದಿದೆ.

ನಾನು ಬೀಗವನ್ನು ಅವರ ಕೈಗೆ ಹಿಂದಿರುಗಿಸಿ, ಥ್ಯಾಂಕ್ಸ್ ಹೇಳಿದೆ. ಗ್ರಹಾಂ ಸದಾಶಿವನ ಕಡೆ ತಿರುಗಿ, ಮುಂದಿನ ಮಂಜಿಗೆ ಎತ್ತಿಯೇ ಬಿಡಲು ಆಗುತ್ತದೆಯೇ, ಆಗುವುದಿಲ್ಲವೇ, ಎಂದು ಕೇಳಿದರು. ಆಗುತ್ತದೆ ಎಂದರೆ ಎಚ್ಚರಿಕೆ ಕೊಟ್ಟು ಉಳಿಸಿಕೊಳ್ಳುತ್ತೇನೆ, ಇನ್ನೊಂದು ಸಲ ಆದರೆ ಕೇಳುವುದೇ ಇಲ್ಲ ಎಂದರು. ಸದಾಶಿವ ನನ್ನ ಮುಖ ನೋಡಿದ. ನಾನು ಕನ್ನಡದಲ್ಲಿ, "ಬಿಡ್ತೀನಿ ಅಂತ ಹೇಳು" ಎಂದೆ. ಹೇಳಿದ.

ಹಿಂದಿರುಗುವ ಬಸ್ಸು

ಬಸ್ಸಿನ ಕಿಟಕಿಗಳಿಗೆಲ್ಲ ಉಸಿರಿನ ಆವಿ ಕಟ್ಟಿ ಹೊರಗಿನದು ಏನೂ ಕಾಣುತ್ತಿರಲಿಲ್ಲ. ಸದಾಶಿವ ಅಂಗೈಯಿಂದ ಗಾಜು ಒರೆಸುತ್ತ ಮಾತಾಡಿದ.

"ಸೇರಿದ ಮೊದಲನೇ ವಾರ ಕೊಟ್ರು ಅಕ್ಕ ಆ ಬೀಗ. ಕೈಗೆ ಕೊಟ್ಟಾಗ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇಷ್ಟು ಸಣ್ಣ ಬೀಗ ಇದ್ದಿದ್ರೆ ಅಣ್ಣ ಉಳೀತಿದ್ರು ಅನ್ನೋದು ನಿಮಗೆ ಗೊತ್ತಾಗಬಾರದು ಅಂತ ಇದ್ದೆ. ಗೀತಾಗೂ ಹೇಳಿಲ್ಲ."

"ಬೀಗ ಇದೆ ಅಂತ ಗೊತ್ತಿದ್ದೂ ಇಳಿಸಿದೆಯಲ್ಲೋ."

"ತಲೆಗೆ ಗೊತ್ತು. ಕೈಗೆ ಗೊತ್ತಾಗಲಿಲ್ಲ."

ಡಿಪೋಗೆ ಬರಬೇಡಿ ಎಂದು ಅವನು ಯಾಕೆ ಅಷ್ಟು ಗಟ್ಟಿಯಾಗಿ ಹೇಳಿದನೆಂದು ಆಗ ತಿಳಿಯಿತು. ತಂತಿಯಿಂದ ನನ್ನನ್ನು ಕಾಯುತ್ತಿರಲಿಲ್ಲ ಅವನು, ಆ ಬೀಗದಿಂದ ಕಾಯುತ್ತಿದ್ದ. ಕೆಲಸ ಕಳೆದುಕೊಳ್ಳಲೂ ಸಿದ್ಧನಾಗಿದ್ದ. ನಾನು ಅವನ ತಲೆಯ ಮೇಲೆ ಕೈಯಿಟ್ಟೆ. ಎದುರಿನ ಸೀಟಿನವರು ಪೇಪರಿನೊಳಗೆ ಮುಖ ಹುದುಗಿಸಿಕೊಂಡರು. ಇಲ್ಲಿನವರ ಈ ಒಂದು ಪದ್ಧತಿ ನನಗೆ ಹಿಡಿಸಿತು.

ಮನೆಯಲ್ಲಿ ಗೀತಾ ಬಾಗಿಲಲ್ಲೇ ನಿಂತಿದ್ದಳು. "ಕೆಲಸ ಉಳೀತು" ಎಂದೆ. ಅವಳು ದೇವರಿಗೆ ದೀಪ ಹಚ್ಚಿದಳು. ಶಾರದಕ್ಕ ಬರೆ ಹಾಕುವ ಮಾತನ್ನು ಮರೆತು ಪಾಯಸ ಮಾಡಿ ತಂದರು. ನಾನೂ ಕುಡಿದೆ.

ಅದೇ ವಾರ ಮತ್ತೆ ಮಂಜು ಬಿತ್ತು. ಸಂಜೆ ನಾನು ಅನ್ನಕ್ಕೆ ನೀರಿಟ್ಟಿದ್ದಾಗ ಫೋನು ಬಂತು. "ಅಕ್ಕ, ಎಲ್ಲಾ ಎತ್ತಿಯೇ ಬಿಟ್ಟು ಬಂದೆ. ಗೇಟಿನ ಹೊರಗಿದ್ದೀನಿ" ಎಂದ.

"ತಿರುಗಿ ನೋಡಬೇಡ. ಬಾ, ಅನ್ನ ಆಗುತ್ತೆ" ಎಂದೆ.

ಫೋನಿಟ್ಟು ಒಲೆಯ ಮುಂದೆ ನಿಂತೆ. ನಮ್ಮವರು ಹೋದ ದಿನದಿಂದ ನಾನು ಅವರನ್ನು ಬೈದಿದ್ದೇನೆ. ಏನು ಅವಸರವಿತ್ತು ನಿಮಗೆ, ಒಂದು ಗಳಿಗೆ ನಿಂತು ತಲೆಯೆತ್ತಿ ನೋಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು, ಒಬ್ಬಳೇ ಇದ್ದಾಗಲೆಲ್ಲ. ಆ ಡಿಪೋದಲ್ಲಿ ಅವರಂಥ ಆತುರದವರು ಎಷ್ಟು ಜನರಿದ್ದಾರೋ. ಅವರೆಲ್ಲ ಆ ಸಂಜೆ ಗುಂಡಿ ಹಾಕಿಕೊಳ್ಳುತ್ತ ಬಸ್ಸಿಗೆ ಓಡಿರುತ್ತಾರೆ, ಮನೆ ಸೇರಿರುತ್ತಾರೆ, ಒಂದು ದಿನ ಮುದುಕರೂ ಆಗುತ್ತಾರೆ. ಸತ್ತವರ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಆ ಒಲೆಯ ಮುಂದೆ ನನ್ನನ್ನು ಬಿಟ್ಟು ಹೋಯಿತು. ಅದು ಹೋದ ಮೇಲೆ ಅವರು ನಿಜವಾಗಿ ಇಲ್ಲವಾದರು. ಅನ್ನ ತಳ ಹಿಡಿಯುವವರೆಗೆ ಅತ್ತೆ.